ಮೇಲಿನ ಹೊಲ, ಕೆಳಗಿನ ಗದ್ದೆ, ನಡುವೆ ನಾನು

೧

ಎಲ್ಲಿಂದ ಶುರು ಮಾಡಬೇಕೆಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ನೀವು ಆಗಲೇ ಓದಲು ಕೂತುಬಿಟ್ಟಿದ್ದೀರಿ.

ಮೊದಲ ಕರಡು ಹೀಗಿತ್ತು: 'ಒಂದಿಂಚು ಮಣ್ಣು ಹುಟ್ಟಲು ಶತಮಾನಗಳು ಬೇಕು, ಕೊಚ್ಚಿಹೋಗಲು ಒಂದು ಮಳೆ ಸಾಕು.' ಬರೆದು ನನ್ನಷ್ಟಕ್ಕೆ ನಾನೇ ಬೀಗಿದೆ. ನಿರ್ಮಲಾ ಓದಿ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಸರ, ಇದನ್ನ ನಮ್ಮ ಆಫೀಸಿನ ಗ್ವಾಡಿ ಮ್ಯಾಲೆ ಬರಸ್ಯಾರ. ಬಣ್ಣಾನೂ ಹಚ್ಚ್ಯಾರ. ನೀವು ಕಥಿ ಬರೀರಿ."

ಎರಡನೆಯ ಕರಡು ಮಳೆಯಿಂದ ಶುರುವಾಗಿತ್ತು. ಅದನ್ನು ನಾನೇ ಹರಿದೆ. (ಕಥೆಯ ಮೊದಲ ಸಾಲಿನಲ್ಲಿ ಮಳೆ ಸುರಿಸುವ ಲೇಖಕರಿಗೆಲ್ಲ ಒಂದು ಸರ್ಕಾರಿ ತೆರಿಗೆ ಹಾಕಬೇಕು. ನನ್ನ ಹಿಂದಿನ ಕಥೆಗಳಿಂದಲೇ ಖಜಾನೆ ತುಂಬೀತು.)

ಕೊನೆಗೆ ಎಮ್ಮೆಯಿಂದ ಶುರು ಮಾಡೋಣ ಎಂದುಕೊಂಡೆ. ಈ ಕಥೆಯಲ್ಲಿ ನನ್ನ ಬರವಣಿಗೆಯ ಬಗ್ಗೆ ತಕರಾರು ತೆಗೆಯದ ಪಾತ್ರ ಅದೊಂದೇ.

೨

ಎಮ್ಮೆ ಗಂಗಿಬಾಯಿಯದು. ಒಂದು ಮುಂಜಾನೆ ಅದು ಮುಂಡಗೋಡಿನ ಹತ್ತಿರದ ಇಂದೂರೆಂಬ ಹಳ್ಳಿಯ ಗಾಯರಾಣದಲ್ಲಿ, ಅಂದರೆ ಊರ ದನಕರುಗಳಿಗೆ ಮೇಯಲು ಬಿಟ್ಟ ಜಾಗದಲ್ಲಿ, ನಿರ್ಮಲಾ ಇಟ್ಟಿದ್ದ ಡ್ರಮ್ಮಿಗೆ ಮೂತಿ ಹಾಕಿ ಅದರಲ್ಲಿದ್ದ ನೀರನ್ನೆಲ್ಲ ಕುಡಿದುಬಿಟ್ಟಿತು.

ನಿಮಗೆ ಇದು ಸಣ್ಣ ಸಂಗತಿ ಎನಿಸಬಹುದು. ನಿರ್ಮಲಾಗೆ ಅಲ್ಲ. ಅವಳು ಮಣ್ಣಿನ ಎಂಜಿನಿಯರ್. ಮುಂಡಗೋಡಿನಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಹೊಲದಿಂದ ಎಷ್ಟು ಮಣ್ಣು ಹೋಗುತ್ತದೆ, ಮೇಯುವ ನೆಲದಿಂದ ಎಷ್ಟು ಹೋಗುತ್ತದೆ, ಮುಂದೆ ಎಷ್ಟು ಹೋದೀತು ಎಂದು ಅಳೆದು ಹೇಳುವುದು ಅವಳ ಪ್ರಾಜೆಕ್ಟಿನ ಕೆಲಸ. ಅದಕ್ಕೆ ಇಂದೂರಿನ ಒಂದು ಇಳಿಜಾರಿನಲ್ಲಿ ಎರಡು ಕಡೆ ತಗಡಿನ ಪಟ್ಟಿ ಹೂತು ಚೌಕ ಕಟ್ಟಿದ್ದಳು. ಚೌಕದೊಳಗೆ ಬಿದ್ದ ಮಳೆ ಬೇರೆಲ್ಲೂ ಹೋಗದೆ ಕೆಳತುದಿಯ ಡ್ರಮ್ಮಿಗೇ ಇಳಿಯಬೇಕು. ಮಳೆ ನಿಂತ ಮೇಲೆ ಅವಳು ಹೋಗಿ ಆ ಕೆಸರು ನೀರನ್ನು ಕಲಕಿ, ಬಾಟಲಿಯಲ್ಲಿ ತುಂಬಿ ತಂದು, ಒಣಗಿಸಿ, ಉಳಿದ ಮಣ್ಣನ್ನು ತೂಗುತ್ತಾಳೆ. ಒಂದು ಚೌಕ ಇಳಿಜಾರಿನ ಮೇಲುಭಾಗದಲ್ಲಿ, ವೀರೇಶನ ಗೋವಿನಜೋಳದ ಹೊಲದಲ್ಲಿ. ಇನ್ನೊಂದು ನಡುವಿನ ಗಾಯರಾಣದಲ್ಲಿ. ಕೆಳಗೆ, ಇಳಿಜಾರು ಮುಗಿಯುವಲ್ಲಿ, ಗಂಗಿಬಾಯಿಯ ಭತ್ತದ ಗದ್ದೆ. ಅಲ್ಲಿ ಅಳತೆ ಇರಲಿಲ್ಲ. ಮಣ್ಣು ಎಲ್ಲಿಂದ ಹೋಗುತ್ತದೆ ಎಂಬುದಷ್ಟೇ ಪ್ರಾಜೆಕ್ಟಿಗೆ ಬೇಕಿತ್ತು. ಎಲ್ಲಿಗೆ ಬರುತ್ತದೆ ಎಂಬುದಲ್ಲ.

"ಗಂಗಿಬಾಯಿ, ನಿಮ್ಮ ಎಮ್ಮಿ ನನ್ನ ಲೆಕ್ಕಾ ಕುಡದೈತಿ!" ಎಂದು ನಿರ್ಮಲಾ ಕೂಗಿದಳು.

ತಾಂಡಾದ ಗಂಗಿಬಾಯಿ ನಾಲ್ಕಾರು ಆಡು, ಒಂದು ಎಮ್ಮೆ, ಒಂದು ಗದ್ದೆಯನ್ನು ತಾನೇ ನಿಭಾಯಿಸುವ ಹೆಂಗಸು. ಗಂಡ ತುಳಸಿರಾಮ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವಳು ಎಮ್ಮೆಯ ಬೆನ್ನು ತಟ್ಟಿ ಹೇಳಿದಳು: "ನೀರು ಇಟ್ಟೀರಿ, ಕುಡದೈತಿ. ಅಕ್ಕಾರ, ಕುಡೀಬಾರದು ಅಂದ್ರ ಮುಚ್ಚಿ ಇಡಬೇಕಿಲ್ಲೋ?"

ಆವತ್ತು ಸಂಜೆ ನಿರ್ಮಲಾ ಕೆಸರುಗಾಲಲ್ಲೇ ಮಹಡಿ ಹತ್ತಿದಳು. ನನ್ನ ಹೆಂಡತಿ ದಾನೇಶ್ವರಿ ಕೆಳಗಿನಿಂದ ಕೂಗಿದಳು: "ಅಳಿಯೂದಿದ್ರ ನಮ್ಮ ಮೆಟ್ಟಲ ಮ್ಯಾಲಿಂದ ಅಳೀರಿ ತಂಗಿ, ಅರ್ಧಾ ಇಂದೂರ ಇಲ್ಲೇ ಬಂದು ಬಿದ್ದೈತಿ!"

೩

ಇಲ್ಲಿ ಒಂದು ನಕ್ಷೆ ಬರುತ್ತದೆ. ನಕ್ಷೆ ಬಂದರೆ ಕಥೆ ಸಾಯುತ್ತದೆ ಎಂದು ನನಗೂ ಗೊತ್ತು. ಆದರೆ ಇಡೀ ಜಗಳ ಶುರುವಾದದ್ದೇ ಅದರಿಂದ, ಏನು ಮಾಡಲಿ?

ಎಮ್ಮೆ ಕುಡಿದದ್ದು ಬೇಸಿಗೆಯ ಅಡ್ಡಮಳೆಯ ನೀರು; ಮಳೆಗಾಲಕ್ಕೆ ಮುಂಚೆ ನಿರ್ಮಲಾ ಒಂದು ಅಂದಾಜು ಕೊಡಬೇಕಿತ್ತು. ಅದಕ್ಕೊಂದು ಸೂತ್ರವಿದೆ. ಮಳೆಯ ಬಲ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಓರೆ, ನೆಲದ ಮೇಲಿನ ಹಸಿರು ಹೊದಿಕೆ, ಬೇಸಾಯದ ರೀತಿ, ಇವನ್ನೆಲ್ಲ ಗುಣಿಸಿದರೆ ವರ್ಷಕ್ಕೆ ಸರಾಸರಿ ಎಷ್ಟು ಮಣ್ಣು ಹೋದೀತು ಎಂದು ಬರುತ್ತದೆ. ಸರಾಸರಿ. ಈ ಪದವನ್ನು ಅವಳು ನನಗೆ ಎಷ್ಟು ಸಲ ಹೇಳಿದಳೆಂದರೆ ನನಗೆ ಆ ಪದದ ಮೇಲೆಯೇ ಸಿಟ್ಟು ಬಂದಿದೆ. ನಾಳೆಯ ಮಳೆಗೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಬೇಸಿಗೆಯಲ್ಲಿ ತೆಗೆದ ಉಪಗ್ರಹದ ಚಿತ್ರದಲ್ಲಿ ಗಾಯರಾಣ ಬೋಳಾಗಿ ಕಂಡಿತು. ಹಾಗಾಗಿ ನಕ್ಷೆಯಲ್ಲಿ ಗಾಯರಾಣ ಕೆಂಪು, ಅಂದರೆ ಮಣ್ಣು ಹೆಚ್ಚು ಹೋಗುವ ಜಾಗ. ವೀರೇಶನ ಹೊಲಕ್ಕೆ ಒಡ್ಡು ಇದೆ ಎಂದು ಹಳೆಯ ದಾಖಲೆ ಹೇಳಿತು. ಹಾಗಾಗಿ ಹೊಲ ಹಸಿರು.

ನಿರ್ಮಲಾ ಊರಿನ ಹಿರಿಯರಿಗೂ ಒಂದು ಪ್ರತಿ ಕೊಟ್ಟಿದ್ದಳು. ವೀರೇಶ ಅದರ ಫೋಟೋ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಬರೆದ: 'ಆಡು ನಮ್ಮ ಊರನ್ನ ತಿನ್ನಾಕ ಹತ್ತ್ಯಾವ. ವಿಜ್ಞಾನ ಹೇಳೈತಿ.' ಮೂರು ಕೈಮುಗಿಯುವ ಚಿತ್ರ, ಒಂದು ರಾಷ್ಟ್ರಧ್ವಜ.

ವಾರ ಕಳೆಯುವುದರೊಳಗೆ ಊರಿನ ಹಿರಿಯರು ಸೇರಿ, ಮಳೆಗಾಲ ಮುಗಿಯುವ ತನಕ ಗಾಯರಾಣದಲ್ಲಿ ಯಾರೂ ಮೇಯಿಸಬಾರದು ಎಂದು ತೀರ್ಮಾನ ಮಾಡಿದರು. ಯಾರೂ ಎಂದರೆ ಗಂಗಿಬಾಯಿ. ಊರಿನ ಉಳಿದ ದನಗಳಿಗೆ ಹೊಲದ ಬದುವಿನ ಮೇವಿತ್ತು.

ಗಂಗಿಬಾಯಿ ಗಾಯರಾಣಕ್ಕೆ ನೆಟ್ಟಗೆ ನಡೆದು ಬಂದು ನಿರ್ಮಲಾಳ ಎದುರು ನಿಂತಳು.

"ಅಕ್ಕಾರ, ನಾ ನಿಮಗ ಚಾ ಕುಡಸೀನಿ. ತಗಡ ಹೂಳಾಕ ಗುದ್ದಲಿ ಕೊಟ್ಟೀನಿ. ನನ್ನ ಆಡಿನ ಮ್ಯಾಲೆ ಕೆಂಪ ಬಣ್ಣಾ ಯಾಕ ಬಳದ್ರಿ?"

"ಆಡಿನ ಮ್ಯಾಲೆ ಅಲ್ಲ ಗಂಗಿಬಾಯಿ. ಅದು ಸರಾಸರಿ…"

"ಸರಾಸರಿ ನನ್ನ ಆಡಿಗೆ ಮೇವು ಹಾಕ್ತೈತೇನ್ರಿ?"

ನಿರ್ಮಲಾ ಅಲ್ಲಿಂದಲೇ ಹೊರಟಳು. ಹಿರಿಯರ ಬಳಿ ಹೋಗಿ, ಈ ನಕ್ಷೆ ಅದಕ್ಕಲ್ಲ, ಇನ್ನೂ ಅಳತೆ ಬರಬೇಕು, ತಾಳಿ ಎಂದಳು. "ಮೇಡಂ, ನೀವೇ ಕೊಟ್ಟಿದ್ದಲ್ರಿ?" ಎಂದರು. ಕೊಟ್ಟದ್ದು ಅವಳೇ ಹೌದು.

ಆಡುಗಳು ಗುಡಿಸಲ ಮುಂದಿನ ಗೂಟ ಸೇರಿದವು. ಗಂಗಿಬಾಯಿ ದಿನಾ ಬೆಳಿಗ್ಗೆ ಕಾಡಂಚಿಗೆ ಹೋಗಿ ಸೊಪ್ಪು ತಲೆ ಮೇಲೆ ಹೊತ್ತು ತಂದಳು. ದಾರಿಯಲ್ಲಿ ಸಿಕ್ಕಾಗಲೆಲ್ಲ ನಿರ್ಮಲಾಳನ್ನು ನೋಡದವಳಂತೆ ಹೋದಳು.

೪

(ಈ ಭಾಗವನ್ನು ನಾನು ಬರೆಯುವುದರಲ್ಲಿರಲಿಲ್ಲ. ವೀರೇಶ ಒತ್ತಾಯ ಮಾಡಿದ.)

ಅವನು ನಮ್ಮ ಕಾಲೇಜಿಗೇ ಬಂದ. ಸ್ಟಾಫ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತ.

"ಸರ, ಕಥಿಯೊಳಗ ನನ್ನ ಕೆಟ್ಟವ್ನ ಮಾಡೀರಂತ ಕೇಳ್ದೆ."

"ಇನ್ನೂ ಮಾಡಿಲ್ಲ."

"ಮಾಡ್ತೀರಿ. ನಂಗ ಗೊತ್ತೈತಿ. ಹೊಲಾ ಇದ್ದವ ಕೆಟ್ಟವ, ಆಡ ಇದ್ದವ್ರು ಒಳ್ಳೇವ್ರು. ನೀವು ಬರಿಯವ್ರೆಲ್ಲಾ ಹಿಂಗ. ಒಡ್ಡು ಯಾಕ ತಗದೆ ಅಂತ ಒಬ್ರರ ಕೇಳೀರೇನು?"

ಒಡ್ಡು ತೆಗೆದಿದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ. ನಿರ್ಮಲಾಳಿಗೂ ಆಗ ಗೊತ್ತಿರಲಿಲ್ಲ, ನಾನು ಹೇಳುವಷ್ಟರಲ್ಲಿ ತಡವಾಗಿತ್ತು. ತನ್ನ ಕಾರಣವನ್ನು ಅವನು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದ. ಹೊಲ ಉದ್ದಕ್ಕೆ ಕೆಳಗಿಳಿಯುತ್ತದೆ, ಅಗಲ ಕಡಿಮೆ. ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಟ್ರ್ಯಾಕ್ಟರು ಹೆಜ್ಜೆಹೆಜ್ಜೆಗೂ ತಿರುಗಬೇಕು. ಬಾಡಿಗೆ ಟ್ರ್ಯಾಕ್ಟರಿನವನು ಅದಕ್ಕೆ ಒಪ್ಪುವುದಿಲ್ಲ. ಎತ್ತು ಮಾರಿ ಬಹಳ ಕಾಲವಾಯಿತು. ಹಾಗಾಗಿ ಮೇಲಿಂದ ಕೆಳಕ್ಕೆ ಉದ್ದುದ್ದ ಉಳುಮೆ, ನಡುವೆ ಅಡ್ಡ ಬಂದ ಒಡ್ಡು ಸಪಾಟು.

"ನಂದೂ ಹೊಟ್ಟಿ ಪಾಡ ಸರ. ಇದನ್ನ ಬರೀರಿ."

ಬರೆದಿದ್ದೇನೆ. ಅವನು ಸಮಾಧಾನವಾಗಿ ಹೋದ. ಹೋಗುವಾಗ ನನ್ನ ಪೆನ್ನನ್ನೂ ಒಯ್ದ, ಮರೆವಿನಿಂದ ಇರಬೇಕು.

೫

ಮಳೆ. (ತೆರಿಗೆ ಕಟ್ಟುತ್ತೇನೆ, ಬಿಡಿ.)

ಆಷಾಢದ ಒಂದು ಮಧ್ಯಾಹ್ನ, ಗಂಗಿಬಾಯಿ ನಾಟಿ ಮುಗಿಸಿ ಸಸಿಗಳು ಆಗಷ್ಟೇ ತಲೆಯೆತ್ತಿ ನಿಂತಿದ್ದ ಹೊತ್ತು. ಬಂದ ಮಳೆ ಬಿಡಲಿಲ್ಲ. ನಿರ್ಮಲಾ ಕೊಡೆ ಹಿಡಿದು ಇಳಿಜಾರಿನ ಮೇಲಿನ ಚೌಕದ ಹತ್ತಿರ ನಿಂತಿದ್ದಳು. ಇಂಥ ಮಳೆಗಾಗಿಯೇ ಅವಳು ಕಾದದ್ದು. ಉಳಿದ ಮಳೆಗಳೆಲ್ಲ ಸೇರಿ ಒಯ್ಯದಷ್ಟು ಮಣ್ಣನ್ನು ಇಂಥದ್ದೊಂದು ಒಯ್ಯುತ್ತದೆ.

ಅವಳ ಕಣ್ಣೆದುರಿಗೇ ಡ್ರಮ್ ತುಂಬಿತು. ತುಂಬಿ ಉಕ್ಕಿತು. ಅವಳು ಮುಚ್ಚಳ ತೆಗೆದು ಬಕೆಟ್ಟಿನಲ್ಲಿ ಮೊಗೆದಳು. ಬಕೆಟ್ಟೂ ತುಂಬಿತು. ಅಷ್ಟರಲ್ಲಿ ಮೇಲಿನಿಂದ ಉಳುಮೆಯ ಸಾಲುಗಳೆಲ್ಲ ಕಾಲುವೆಗಳಾಗಿ ಹರಿಯತೊಡಗಿದವು. ತಗಡಿನ ಚೌಕ ಕಿತ್ತು ಅವಳ ಕಾಲಿಗೆ ಬಡಿದು ಕೆಳಗೆ ಜಾರಿಹೋಯಿತು. ಅವಳು ಗೋವಿನಜೋಳದ ದಂಟುಗಳನ್ನು ಹಿಡಿದು ನಿಂತಳು. ದಂಟುಗಳೇ ಕಿತ್ತು ಬಂದವು.

ಮಳೆ ನಿಂತಾಗ ಹೊಲದಲ್ಲಿ ಆಳೆತ್ತರದ ಕೊರಕಲು ಬಿದ್ದಿತ್ತು. ಗಾಯರಾಣದಲ್ಲಿ ಆಡುಗಳಿಲ್ಲದೆ ಬೆಳೆದಿದ್ದ ಎಳೆ ಹುಲ್ಲು ಕೆಸರಿನಡಿ ಮಲಗಿತ್ತು. ಕೆಳಗೆ ಗಂಗಿಬಾಯಿಯ ಗದ್ದೆ ಇರಬೇಕಾದಲ್ಲಿ ಒಂದು ಕಪ್ಪು ಬಯಲು ಇತ್ತು. ಒಂದು ಸಸಿಯೂ ಕಾಣಲಿಲ್ಲ.

ನಿರ್ಮಲಾ ಅಂದು ಮನೆಗೆ ಬಂದು ನಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ದಾನೇಶ್ವರಿ ಬಿಸಿನೀರು ತಂದು ಅವಳ ಗಾಯವಾದ ಕಾಲು ತೊಳೆದಳು; ಕೆಸರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಸರ, ಇಡೀ ವರ್ಷದಾಗ ಬೇಕಾಗಿದ್ದು ಇದೊಂದ ಮಳಿ," ಎಂದಳು ನಿರ್ಮಲಾ. "ಅದರದ್ದ ಲೆಕ್ಕಾ ಇಲ್ಲ ನನ್ನ ಹತ್ರ. ನಾಳೆ ಎಲ್ರೂ ನನ್ನ ಕೇಳ್ತಾರ."

೬

ಕೇಳಿದರು. ಮರುದಿನವೇ.

ಬೆಳಿಗ್ಗೆ ವೀರೇಶ ಜೆಸಿಬಿ ತಂದಿದ್ದ. ಹಿಂದೆ ಒಂದು ಟ್ರ್ಯಾಕ್ಟರ್ ಟ್ರಾಲಿ. ಗದ್ದೆಗೆ ಇಳಿದು ಮಣ್ಣು ತುಂಬಿಕೊಂಡು ಮೇಲೆ ಒಯ್ಯುವುದು ಅವನ ಆಲೋಚನೆ. ಅವನ ಮಣ್ಣು, ಅವನು ಒಯ್ಯುತ್ತಾನೆ, ಇದರಲ್ಲಿ ಏನು ತಪ್ಪು?

ಗಂಗಿಬಾಯಿ ಜೆಸಿಬಿಯ ಮುಂದೆ ಕೆಸರಿನಲ್ಲಿ ಕೂತಿದ್ದಳು. ನಾನು ನಿರ್ಮಲಾಳ ಸ್ಕೂಟಿಯ ಹಿಂದೆ ಕೂತು ಹೋದೆ. (ಲೇಖಕ ಕಥೆಯೊಳಗೆ ಹೋಗಬಾರದು ಎಂಬ ನಿಯಮ ಹಳೆಯದಾಯಿತು. ಅವಳ ಕಾಲಿಗೆ ಪೆಟ್ಟಾಗಿತ್ತು, ಜೊತೆಗೊಬ್ಬರು ಬೇಕಿತ್ತು.)

"ಏಳ ಗಂಗಿಬಾಯಿ. ನನ್ನ ಮಣ್ಣ ನಾ ಒಯ್ತೇನಿ. ನಿನ್ನ ಗದ್ದೀನ ನಿನಗ ಬಿಡ್ತೇನಿ," ಎಂದ ವೀರೇಶ.

"ನಾ ಏನು ಕರೆಯಾಕ ಹೋಗಿದ್ನಾ ನಿನ್ನ ಮಣ್ಣನ್ನ? ತಾನಾಗೇ ಬಂತು. ನನ್ನ ಸಸಿ ಕೊಂದು ಬಂತು. ಮೊದಲ ಸಸಿ ಕೊಡು, ಆಮ್ಯಾಲೆ ಮಣ್ಣಿನ ಮಾತು."

"ಸಸಿ ಮಳಿ ಕೊಂದೈತಿ, ನಾ ಅಲ್ಲ!"

"ಮಣ್ಣ ನಿಂದಾದ್ರ, ಸಸಿ ಕೊಂದದ್ದೂ ನಿಂದ. ಮಣ್ಣ ಮಳೀದಾದ್ರ, ಒಯ್ಯಾಕ ನೀ ಯಾರು?"

ಜೆಸಿಬಿಯ ಚಾಲಕ ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಆಗ ಮೇಲಿನ ಹೊಲದಿಂದ ಕೋಲೂರಿಕೊಂಡು ಕಾಶೆವ್ವ ಇಳಿದು ಬಂದಳು. ವೀರೇಶನ ತಾಯಿ. ಈ ಮುದುಕಿ ಬಂದು ಮಗನಿಗೆ ಬುದ್ಧಿ ಹೇಳುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದು ನೀವು ಅಂದುಕೊಂಡಿರಿ. ನಾನೂ ಅಂದುಕೊಂಡಿದ್ದೆ, ಮನಸ್ಸಿನಲ್ಲಿ ಅವಳಿಗೊಂದು ಒಳ್ಳೆಯ ಸಂಭಾಷಣೆಯನ್ನೂ ಬರೆದಿಟ್ಟಿದ್ದೆ. ಕಾಶೆವ್ವ ಅದನ್ನು ಆಡಲಿಲ್ಲ. ಗದ್ದೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಕೆಸರು ಬಾಚಿ, ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು.

"ಇದು ನಾ ಹೊತ್ತ ಮಣ್ಣ! ಲಗ್ನಾಗಿ ಬಂದಾಗ ಆ ಹೊಲದಾಗ ಬರೇ ಗೊರಚ ಕಲ್ಲ ಇತ್ತು. ಬ್ಯಾಸಿಗಿ ಬಂತಂದ್ರ ಕೆರಿ ಮಣ್ಣ ಬುಟ್ಯಾಗ ತುಂಬಿ ತಲಿ ಮ್ಯಾಲೆ ಹೊತ್ತು ಹಾಕೀನಿ. ಬಸರಿದ್ದಾಗನೂ ಹೊತ್ತೀನಿ. ನೆತ್ತಿ ನೋಡ್ರಿ, ಇನ್ನೂ ಕೂದಲ ಬಂದಿಲ್ಲ ಅಲ್ಲಿ."

ಸೆರಗು ಸರಿಸಿ ನೆತ್ತಿ ತೋರಿಸಿದಳು. ಬೋಳಾದ ಗುಂಡನೆಯ ಜಾಗವಿತ್ತು.

ಆಮೇಲೆ ಕೆಸರಿನಿಂದ ಒಂದು ಬಸವನಹುಳದ ಚಿಪ್ಪು ಹೆಕ್ಕಿ ಎತ್ತಿ ಹಿಡಿದಳು. "ನೋಡು, ಕೆರ್ಯಾಗಿಂದು. ಸಾಕ್ಷಿ."

"ಯಮ್ಮಾ, ನನ್ನ ಗದ್ಯಾಗ ಬಸವನಹುಳಾ ಇಲ್ಲೇನು?" ಎಂದಳು ಗಂಗಿಬಾಯಿ. ದನಿ ಮಾತ್ರ ಮೊದಲಿನಷ್ಟು ಗಡುಸಾಗಿರಲಿಲ್ಲ.

ಎಲ್ಲರೂ ನಿರ್ಮಲಾಳ ಕಡೆ ತಿರುಗಿದರು.

"ಮೇಡಂ, ಮಷೀನ್ ಇಟ್ಟವ್ರು ನೀವು. ಎಷ್ಟು ಟ್ರಾಲಿ ನಂದು, ಹೇಳಿಬಿಡ್ರಿ," ಎಂದ ವೀರೇಶ.

೭

ನಿರ್ಮಲಾ ಒಮ್ಮೆ ಮೇಲೆ ಕೊರಕಲನ್ನು ನೋಡಿದಳು. ಅವಳ ಮುಖ ಕೆಂಪಾಗಿತ್ತು. ಅಷ್ಟು ದಿನ ಸಮಾಧಾನವಾಗಿ ಸರಾಸರಿಯನ್ನು ವಿವರಿಸುತ್ತಿದ್ದವಳು ಆ ದಿನ ಕೂಗಿದಳು.

"ಎಷ್ಟು ಟ್ರಾಲಿ ಅಂತ ನಂಗ ಗೊತ್ತಿಲ್ಲ! ಡ್ರಮ್ ಉಕ್ಕಿ ಹೋಗೈತಿ. ನನ್ನ ಹತ್ರ ಲೆಕ್ಕಾ ಇಲ್ಲ. ಆದ್ರ ಎಲ್ಲಿಂದ ಬಂತು ಅನ್ನೂದು ಕಣ್ಣಿಗೆ ಕಾಣ್ತೈತಿ. ಒಡ್ಡು ಇದ್ದಿದ್ರ ಇಷ್ಟು ಬರ್ತಿದ್ದಿಲ್ಲ. ಒಡ್ಡು ಐತಿ ಅಂತ ತಿಳಕೊಂಡು ನಾ ಹಸಿರು ಬಣ್ಣಾ ಹಾಕಿದ್ದೆ. ಹೊಲದಾಗ ದಿನಾ ಅಡ್ಡಾಡಿದ್ರೂ ನೋಡಲಿಲ್ಲ. ಆ ನಕ್ಷಿ ತಪ್ಪು. ಆಡಿನ ಮ್ಯಾಲೆ ಹೊರಿಸಿದ್ದು ತಪ್ಪು. ಇವತ್ತ ಹಿರಿಯರ ಮುಂದ ಹೇಳ್ತೇನಿ, ಬರದೂ ಕೊಡ್ತೇನಿ."

ಅಂದೇ ಹೋಗಿ ಹೇಳಿದಳು. ಮೇಯಿಸಬಾರದೆಂಬ ತೀರ್ಮಾನವನ್ನು ಹಿರಿಯರು ಹಿಂದೆ ತೆಗೆದುಕೊಂಡರು, ತಾವೇನೋ ದಾನ ಕೊಟ್ಟವರ ಹಾಗೆ. ಸಂಜೆ ನಿರ್ಮಲಾಳ ಮೇಲಧಿಕಾರಿ ಫೋನ್ ಮಾಡಿ, ಪ್ರಾಜೆಕ್ಟಿನ ನಕ್ಷೆಯನ್ನು ಊರ ಮುಂದೆ ತಪ್ಪೆನ್ನಲು ನಿಮಗೆ ಯಾರು ಹೇಳಿದರು ಎಂದು ಬೈದರು. ಕೆಳಗೆ ನಿಂತ ನಮಗೂ ಕೇಳುವಷ್ಟು ಜೋರಾಗಿ. ಅವಳು "ತಪ್ಪಿತ್ತು ಸರ" ಎಂದು ಮತ್ತೆ ಮತ್ತೆ ಅಂದಳು, "ತಪ್ಪಾಯ್ತು" ಎಂದು ಒಮ್ಮೆಯೂ ಅನ್ನಲಿಲ್ಲ.

ಆದರೆ ಗದ್ದೆಯ ಪ್ರಶ್ನೆ? ಅದನ್ನು ಗಂಗಿಬಾಯಿಯೇ ಬಿಡಿಸಿದಳು, ಅಥವಾ ಇನ್ನೂ ಸಿಕ್ಕು ಮಾಡಿದಳು. ಕಾಶೆವ್ವನ ಅಳು ನಿಲ್ಲದ್ದನ್ನು ನೋಡಿ ಎದ್ದು ನಿಂತು ಹೇಳಿದಳು:

"ಒಯ್ಯಲಿ. ಆದ್ರ ಜೆಸಿಬಿ ಇಳಿಸಬಾರದು. ತುಳದು ತುಳದು ಗದ್ದಿ ತಳಾ ಗಟ್ಟಿ ಮಾಡೀನಿ, ಅದು ಒಡದ್ರ ನೀರ ನಿಲ್ಲೂದಿಲ್ಲ. ನಿಮ್ಮವ್ವ ಹೆಂಗ ಹೊತ್ತಾಳ, ನೀನೂ ಹಂಗ ಹೊರು. ಬುಟ್ಟೀಲೆ. ತಲಿ ಮ್ಯಾಲೆ."

ವೀರೇಶ ನಕ್ಕ. ತಾಯಿ ನಗಲಿಲ್ಲ. ಅವಳು ಕೆಸರುಗೈಯಲ್ಲೇ ಮಗನ ಮುಖ ನೋಡುತ್ತ ಕೂತಿದ್ದಳು. ಅವನ ನಗು ಸ್ವಲ್ಪ ಹೊತ್ತಿನಲ್ಲಿ ಆರಿತು.

ಅವನು ಹೊತ್ತ. ಹೆಂಡತಿ, ಇಬ್ಬರು ಕೂಲಿಯವರು, ಅವನು. ಮಣ್ಣು ಒಸರಿ ಒಸರಿ ಭುಜದ ಮೇಲೆ ಇಳಿಯುತ್ತಿತ್ತು. ಇಳಿಜಾರು ಹತ್ತುವಾಗ ಏದುಸಿರು. ಗಂಗಿಬಾಯಿ ಬದುವಿನ ಮೇಲೆ ನಿಂತು ಕಾವಲು ಕಾದಳು. ಮೊದಲ ದಿನ ಬೈದಳು. ಮರುದಿನ ಸುಮ್ಮನಿದ್ದಳು. ಆಮೇಲೊಂದು ದಿನ ಬುಟ್ಟಿ ಎತ್ತಿ ತಲೆಗೇರಿಸಲು ತಾನೇ ಒಂದು ಕೈ ಕೊಟ್ಟಳು. ಮಣ್ಣು ಬೇಗ ಖಾಲಿಯಾದರೆ ಅವಳಿಗೂ ಒಳ್ಳೆಯದಲ್ಲವೆ. ಗದ್ದೆಯ ಅರ್ಧ ತೆರವಾಗುವಷ್ಟರಲ್ಲಿ ವೀರೇಶನ ಸೊಂಟ ಹಿಡಿಯಿತು. ಉಳಿದರ್ಧ ಅಲ್ಲೇ ಉಳಿಯಿತು.

ಕಾಶೆವ್ವ ಕೆರೆಯ ಬದಿಗಿದ್ದ ತಮ್ಮ ಇನ್ನೊಂದು ತುಂಡು ಗದ್ದೆಯ ಸಸಿಮಡಿಯಲ್ಲಿ ಉಳಿದಿದ್ದ ಭತ್ತದ ಸಸಿಗಳನ್ನು ಕಿತ್ತು ಗಂಗಿಬಾಯಿಗೆ ಕಳಿಸಿದಳು. ತೆರವಾದ ಭಾಗಕ್ಕೆ ಅವು ಸಾಲಿದವು. ನಾಟಿ ತಡವಾಯಿತು. ಸುಗ್ಗಿಯಲ್ಲಿ ಬಂದದ್ದು ಕಡಿಮೆಯೇ.

೮

ಈಗ ಮುಕ್ತಾಯ. ನನ್ನ ಬಳಿ ಮೂರಿವೆ. ಯಾವುದಾದರೂ ಒಂದು ನಿಮಗೆ ಹಿಡಿಸಬಹುದು. ಪಾತ್ರಗಳಿಗೆ ಮಾತ್ರ ಯಾವುದೂ ಹಿಡಿಸಲಿಲ್ಲ.

ಮೊದಲನೆಯದು: ಕಾಶೆವ್ವ, ಗಂಗಿಬಾಯಿ ಅಕ್ಕತಂಗಿಯರಂತಾದರು. ಇದನ್ನು ಗಂಗಿಬಾಯಿಗೆ ಓದಿ ಹೇಳಿದೆ. ಅವಳು ಆಡಿನ ಹಾಲು ಕರೆಯುವುದನ್ನು ನಿಲ್ಲಿಸಿ, "ಸಸಿ ಕೊಟ್ಟಾಳ, ಖರೆ. ಸಸಿ ಕೊಟ್ಟಾಕಿ ಅಕ್ಕ ಆಗೂದಿದ್ರ ಊರೆಲ್ಲಾ ನನಗ ಅಕ್ಕನ. ಅದಕ್ಕ ಗೀಟ ಹೊಡೀರಿ" ಎಂದಳು. ಹೊಡೆದೆ.

ಎರಡನೆಯದು: ನಿರ್ಮಲಾಳ ಅಳತೆ ದೊಡ್ಡ ಪತ್ರಿಕೆಯಲ್ಲಿ ಪ್ರಕಟವಾಗಿ ಸೂತ್ರವೇ ಬದಲಾಯಿತು. ಅವಳು ಸಿಟ್ಟಿನಿಂದ ನಕ್ಕಳು. "ಸೂತ್ರದ ತಪ್ಪಿಲ್ಲ ಸರ. ಒಡ್ಡು ಇಲ್ಲದ ಹೊಲಕ್ಕ ಐತಿ ಅಂತ ಅಂಕಿ ಕೊಟ್ಟಾಕಿ ನಾನು. ಮತ್ತ ಆ ಮಳಿ ಜಾಗಾ ನನ್ನ ವರದ್ಯಾಗ ಖಾಲಿ ಐತಿ. ಖಾಲಿನ ಇರಲಿ. ಏನರ ತುಂಬಿದ್ರ ಸುಳ್ಳಾಕ್ಕೈತಿ."

ಮೂರನೆಯದು: ವೀರೇಶ ಪಶ್ಚಾತ್ತಾಪಪಟ್ಟು ಇಳಿಜಾರಿಗೆ ಅಡ್ಡಲಾಗಿ ಉಳತೊಡಗಿದ, ಒಡ್ಡು ಕಟ್ಟಿಸಿದ.

ಇದು ಅರ್ಧ ನಿಜವಾಯಿತು. ಅದೇ ದೊಡ್ಡ ಫಜೀತಿ.

೯

ಬೇಸಿಗೆಯಲ್ಲಿ ವೀರೇಶ ಒಡ್ಡು ಕಟ್ಟಿಸಿದ. ಒಳ್ಳೆಯ ಒಡ್ಡು, ಎದೆಮಟ್ಟ, ಕಲ್ಲು ಜೋಡಿಸಿದ್ದು. ಕಥೆ ಮುಗಿಯಿತೆಂದು ನಾನು ಹಾಳೆಗಳಿಗೆ ಪಿನ್ ಹೊಡೆದೆ. ಆಗ ನಿರ್ಮಲಾಳ ಫೋನ್ ಬಂತು.

"ಸರ, ಒಡ್ಡು ಹೊಲದಾಗ ಇಲ್ಲ. ಗಾಯರಾಣದಾಗ ಐತಿ."

ಹೋಗಿ ನೋಡಿದೆ. ಹೊಲದ ಅಂಚು ಕೊಚ್ಚಿಹೋಗಿ ಗಡಿಕಲ್ಲೂ ಕಾಣೆಯಾಗಿತ್ತು. ವೀರೇಶ ತನ್ನ ಮಣ್ಣು ಎಲ್ಲಿಯವರೆಗೆ ಇಳಿದಿತ್ತೋ ಅಲ್ಲಿಯವರೆಗೆ ತನ್ನದೆಂದು ಒಡ್ಡನ್ನು ಕೆಳಗೆ ಸರಿಸಿ ಕಟ್ಟಿಸಿದ್ದ. ಗಾಯರಾಣದ ಒಳ್ಳೆಯ ಹುಲ್ಲಿನ ಪಟ್ಟಿ ಒಳಗೆ ಸೇರಿತ್ತು. ಗಂಗಿಬಾಯಿಯ ಆಡುಗಳು ಆಗಲೇ ಒಡ್ಡಿನ ಮೇಲೆ ಹತ್ತಿ ನಿಂತಿದ್ದವು. ಗಂಗಿಬಾಯಿ ಕೆಳಗೆ.

"ಒಡ್ಡು ಹಾಕು ಅಂದ್ರಿ, ಹಾಕೀನಿ. ಈಗ ಅದೂ ತಪ್ಪು?" ಎಂದು ವೀರೇಶ ಎಲ್ಲರನ್ನೂ ಕೇಳುತ್ತಿದ್ದ.

"ಹಾಕಿದ್ದು ತಪ್ಪಲ್ಲ, ಹಾಕಿದ ಜಾಗಾ ತಪ್ಪು," ಎಂದು ನಿರ್ಮಲಾ ಎರಡೂ ಕೈ ಎತ್ತಿದಳು. "ಒಡದು ಕಟ್ಟೂದ್ರಾಗ ಮಳಿ ಬರ್ತೈತಿ. ಒಡೀದಿದ್ರ ಇವರ ಹುಲ್ಲು ಹೋಗ್ತೈತಿ. ನಾ ಯಾವುದನ್ನ ಹೇಳ್ಲಿ?"

"ನೀವ ಹೇಳ್ರಿ ಸರ. ಕಥಿ ಬರಿಯವ್ರು," ಎಂದಳು ಗಂಗಿಬಾಯಿ, ನನ್ನ ಕಡೆ ತಿರುಗಿ.

ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಕಾಶೆವ್ವ ಒಂದು ಹಗ್ಗದ ಸುರುಳಿ ತಂದಳು. ಹಳೆಯ ಗಡಿ ಹುಣಸೆಮರದಿಂದ ಎಷ್ಟು ದೂರವಿತ್ತೆಂದು ತನಗೆ ಗೊತ್ತಿದೆ ಎಂದಳು. ಇಲ್ಲ, ಹುಣಸೆಮರ ಅಲ್ಲ, ಅದರ ಪಕ್ಕದ ಹುತ್ತ ಎಂದಳು ಗಂಗಿಬಾಯಿ. ಹುತ್ತ ಆಗ ಇರಲೇ ಇಲ್ಲ ಎಂದ ವೀರೇಶ.

"ಬರೇ ನಿಂತೀರಲ್ರೀ, ಈ ತುದಿ ಹಿಡೀರಿ," ಎಂದು ಕಾಶೆವ್ವ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಮೇಲಕ್ಕೆ ನಡೆದಳು. ನಿರ್ಮಲಾ ಅವಳ ಹಿಂದೆ. ಗಂಗಿಬಾಯಿ ಅವಳ ಹಿಂದೆ. ವೀರೇಶ ಸೊಂಟ ಹಿಡಿದುಕೊಂಡು ಎಲ್ಲರ ಹಿಂದೆ.

ಮೇಲೆ ಅವರು ಜಗಳವಾಡುತ್ತಿರುವುದು ಕೇಳುತ್ತಿದೆ. ಹಗ್ಗ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲಾಗುತ್ತದೆ. ಬಿಸಿಲು ನೆತ್ತಿಗೆ ಬಂದಿದೆ. ಒಂದು ಆಡು ನನ್ನ ಜೇಬಿನಲ್ಲಿದ್ದ ಹಾಳೆಗಳನ್ನು ಮೂಸುತ್ತಿದೆ, ನನ್ನ ಎರಡೂ ಕೈಯಲ್ಲಿ ಹಗ್ಗವಿದೆ, ಮತ್ತು ಬಿಡಿ ಎಂದು ಇನ್ನೂ ಯಾರೂ ಹೇಳಿಲ್ಲ.